ಎಣಿಸಬಾರದ ನೀರು

ಮಂಜೂರಾಗಿದೆ. ಇದೊಂದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಚಳ್ಳಕೆರೆಗೂ ಮೊಳಕಾಲ್ಮುರಿಗೂ ನಡುವೆ, ಕೊಂಡ್ಲಹಳ್ಳಿ ಕಡೆಗೆ ದಾರಿ ಒಡೆಯುವಲ್ಲಿ, ಕರೆಂಟ್ ಗಾಡಿಗಳಿಗೆ ಚಾರ್ಜ್ ಹಾಕುವ ಸ್ಟೇಷನ್ ಮಂಜೂರಾಗಿದೆ. ಬೆಳಿಗ್ಗೆ ನನ್ನ ಮೊಮ್ಮಗಳು ತಾಲ್ಲೂಕು ಕಚೇರಿ ಮುಂದೆ ನಿಂತು ಫೋನ್ ಮಾಡಿದಳು. "ತಾತಾ, ಆಯ್ತು" ಅಂದಳು, ಅಷ್ಟೇ. ನಾನು ಕೂತಿದ್ದ ಜಗಲಿಯಿಂದ ಎದ್ದು, ಚಪ್ಪಲಿ ಮೆಟ್ಟುವುದನ್ನೂ ಮರೆತು, ಬೀದಿಯ ತುದಿವರೆಗೂ ಹೋಗಿ ಬಂದೆ. ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನ ಅಂಗಡಿಯವನು ಯಾರ ಮದುವೆ ಗೊತ್ತಾಯಿತು ಅಂತ ಕೇಳಿದ. ಮದುವೆಯಲ್ಲ ಕಣಪ್ಪ, ಚಾರ್ಜಿಂಗ್ ಸ್ಟೇಷನ್ನು ಅಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ನಿನಗೆ ಸೈಕಲ್ಲೂ ಇಲ್ಲವಲ್ಲೋ ಯಜಮಾನ ಅಂದ.

ನನಗೆ ಗಾಡಿ ಇಲ್ಲ, ನಿಜ. ಗಾಡಿ ಇರುವುದು ಮೊಮ್ಮಗಳಿಗೆ. ಹಸಿರು ನಂಬರ್ ಪ್ಲೇಟಿನ ಲಗೇಜ್ ಆಟೋ, ಸದ್ದೇ ಇಲ್ಲದೆ ಓಡುತ್ತದೆ. ಚಳ್ಳಕೆರೆಯಿಂದ ಎಣ್ಣೆ ಡಬ್ಬ, ದಿನಸಿ ಸಾಮಾನು ಹೇರಿಕೊಂಡು ಮೊಳಕಾಲ್ಮುರಿಗೆ ಹೋಗುತ್ತಾಳೆ. ಅಲ್ಲಿಂದ ಮಗ್ಗದ ಮನೆಗಳ ಸೀರೆಗಂಟು ಹಾಕಿಕೊಂಡು ವಾಪಸ್ಸು ಬರುತ್ತಾಳೆ. ಹೆಣ್ಣುಹುಡುಗಿ ಲಗೇಜ್ ಗಾಡಿ ಓಡಿಸುವುದೇ ಅಂತ ನಮ್ಮ ಬೀದಿಯವರು ಮೊದಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈಗ ಅವರೇ ತಮ್ಮ ಸಾಮಾನಿಗೆ ಅವಳನ್ನು ಕರೆಯುತ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಶೇಂಗಾ ಮಂಡಿಯಲ್ಲಿ ಮೂಟೆ ಹೊತ್ತವನು. ಇವಳು ಐಟಿಐ ಓದಿದವಳು. ಸ್ಟೇರಿಂಗ್ ಹಿಡಿದು ಅವಳು ಬೀದಿ ತಿರುಗುವಾಗ ನನಗೆ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ನನ್ನದಲ್ಲ.

ಆದರೆ ಆ ಗಾಡಿಯ ಬ್ಯಾಟರಿ ಹೋಗಿ ಬರುವುದಕ್ಕೆ ಸರಿಯಾಗಿ ಸಾಲುವುದಿಲ್ಲ. ಲೋಡು ಹೆಚ್ಚಾದರೆ, ನಮ್ಮ ಕಡೆಯ ಗಾಳಿ ಎದುರಿಗೆ ಬಿದ್ದರೆ, ಅರ್ಧ ದಾರಿಗೇ ಕೆಂಪು ಗೆರೆ ತೋರಿಸುತ್ತದೆ. ಮೊಳಕಾಲ್ಮುರಿನಲ್ಲಿ ಒಬ್ಬ ಸೀರೆ ಅಂಗಡಿಯವರು ಗಂಟು ಕಟ್ಟುವಷ್ಟು ಹೊತ್ತು ತಮ್ಮ ಗೋಡೆಯ ಪಿನ್ನಿಗೆ ಹಾಕಿಕೊಳ್ಳಲು ಬಿಡುತ್ತಾರೆ. ಅಲ್ಲಿ ಕರೆಂಟು ಹೋದ ದಿನ ದೇವರೇ ಗತಿ. ದಾರಿಯಲ್ಲಿ ಹೊಲಗಳ ಪಂಪ್‌ಸೆಟ್ ಇವೆ, ಆದರೆ ಆ ಕರೆಂಟು ಬರುವ ಹೊತ್ತೇ ಬೇರೆ, ಅದನ್ನು ಗಾಡಿಗೆ ಹಾಕುವಂತೆಯೂ ಇಲ್ಲ. ಹಾಗಾಗಿ ಅವಳು ಹೊರಟ ದಿನವೆಲ್ಲ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ನಮಗೆ ಆ ರಸ್ತೆಯ ಭಯ ಏಕೆ ಅನ್ನುವುದನ್ನು ಈಗ ಹೇಳಬೇಕು.

ಅವಳಪ್ಪ, ಅಂದರೆ ನನ್ನ ಮಗ, ಅದೇ ರಸ್ತೆಯಲ್ಲಿ ಹೋದ. ಅವನದು ಡೀಸೆಲ್ ಟೆಂಪೋ. ಡೀಸೆಲ್ ತೋರಿಸುವ ಮುಳ್ಳು ಕೆಟ್ಟಿತ್ತು, ಎಷ್ಟು ಉಳಿದಿದೆ ಅಂತ ಅಂದಾಜಿನ ಮೇಲೆ ಓಡಿಸುತ್ತಿದ್ದ. ಒಂದು ಬೇಸಿಗೆಯ ಮಧ್ಯಾಹ್ನ ಕೊಂಡ್ಲಹಳ್ಳಿ ದಾರಿ ಒಡೆಯುವಲ್ಲಿ ಗಾಡಿ ನಿಂತಿತು. ಕ್ಯಾನ್ ಹಿಡಿದುಕೊಂಡು ಬಂಕಿನ ಕಡೆಗೆ ನಡೆದಿದ್ದಾನೆ. ಬಿಸಿಲಿಗೆ ತಲೆ ತಿರುಗಿ ಒಂದು ಜಾಲಿ ಮರದ ಬುಡದಲ್ಲಿ ಕೂತವನು ಏಳಲಿಲ್ಲ. ಆ ದಾರಿಯಲ್ಲಿ ಬಸ್ಸು, ಲಾರಿ ಹೋಗಿರಲೇಬೇಕು. ಮರದ ಬುಡದಲ್ಲಿ ಮಲಗಿದವನನ್ನು ಕಂಡು ಕುಡಿದು ಬಿದ್ದಿದ್ದಾನೆ ಅಂದುಕೊಂಡರೋ ಏನೋ. ನನ್ನ ಮಗ ಬೀಡಿ ಕೂಡ ಸೇದದವನು. ನಾವು ಹೋಗಿ ನೋಡಿದಾಗ ಅವನ ತುಟಿ ಹೊಲದ ಮಣ್ಣಿನ ಹಾಗೆ ಬಿರಿದಿತ್ತು. ಮೊಮ್ಮಗಳು ಆಗ ಅವಳಮ್ಮನ ಸೊಂಟದ ಮೇಲಿದ್ದಳು.

ಮಾರನೆಯ ವರ್ಷ ಶಿವರಾತ್ರಿ ಕಳೆದ ಮೇಲೆ ನನ್ನ ಹೆಂಡತಿ ಆ ಜಾಲಿ ಮರದ ಕೆಳಗೆ ಅರವಟ್ಟಿಗೆ ಹಾಕಿದಳು. ದಾರಿಹೋಕರಿಗೆ ನೀರು ಕೊಡುವ ಚಪ್ಪರ. ನಾಲ್ಕು ಗೂಟ, ಮೇಲೆ ತೆಂಗಿನ ಗರಿ, ಮರಳಿನ ಮೇಲೆ ಮಣ್ಣಿನ ಗಡಿಗೆಗಳು, ಒದ್ದೆ ಬಟ್ಟೆ ಸುತ್ತಿದ್ದು. ಪಕ್ಕದ ಹೊಲದವರು ಬೋರಿನ ನೀರು ತುಂಬಿಕೊಳ್ಳಲು ಬಿಟ್ಟರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವಳು. ಮೊದಲ ಮಳೆ ಬೀಳುವವರೆಗೆ ಹಾಗೆಯೇ. ಪ್ರತಿ ಬೇಸಿಗೆಯೂ ಹಾಗೆಯೇ. ಮೊಮ್ಮಗಳು ಆಟೋ ತಗೊಂಡ ಮೇಲೆ ಅವಳೇ ಅಜ್ಜಿಯನ್ನು ಇಳಿಸಿ, ಬರುವಾಗ ಹತ್ತಿಸಿಕೊಂಡು ಬರುತ್ತಾಳೆ.

ನನ್ನ ಹೆಂಡತಿಯ ತವರಿನಲ್ಲಿ ಅರವಟ್ಟಿಗೆಗೆ ಒಂದು ಕಟ್ಟುಪಾಡು ಇದೆ. ಸತ್ತವರ ಹೆಸರಲ್ಲಿ ನೀರು ಕೊಟ್ಟರೆ, ಕುಡಿದವರ ಊರು ಹೆಸರು ಕೇಳಬಾರದು. ಎಷ್ಟು ಜನ ಕುಡಿದರು ಅಂತ ಎಣಿಸಬಾರದು. ಕೊಟ್ಟೆ ಅಂತ ಇನ್ನೊಬ್ಬರ ಮುಂದೆ ಬಾಯಿ ಬಿಡಬಾರದು. ಬಿಟ್ಟರೆ ಆ ನೀರು ಸತ್ತವರಿಗೆ ಮುಟ್ಟುವುದಿಲ್ಲ. ನಮ್ಮ ಕಡೆ ಎಲ್ಲರೂ ಹೀಗೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳು ಮಾಡುತ್ತಿದ್ದಳು. ಸಂಜೆ ಮನೆಗೆ ಬಂದವಳನ್ನು ಇವತ್ತು ಜನ ಬಂದಿದ್ದರಾ ಅಂತ ನಾನು ಕೂಡ ಕೇಳಿದವನಲ್ಲ. ಆಂಧ್ರದ ಕಡೆಯ ಲಾರಿಯವರು ಇಳಿದು "ಅವ್ವಾ, ನೀಳ್ಳು" ಅಂದರೆ ಕೈಗೆ ಚೊಂಬು ಕೊಟ್ಟು ಮುಖ ಆ ಕಡೆ ತಿರುಗಿಸಿಬಿಡುವಳು. ಒಬ್ಬ ಡ್ರೈವರು ಈ ಅಜ್ಜಿಗೆ ನಮ್ಮ ಮೇಲೆ ಏನೋ ಸಿಟ್ಟು ಐತೆ ಅಂದಿದ್ದನಂತೆ.

ಹೋದ ವರ್ಷ ಅರವಟ್ಟಿಗೆ ಹಾಕಿದ ಹೊಸದರಲ್ಲಿ ಇಬ್ಬರು ಹುಡುಗರು ಬಂದರು. ಕೈಯಲ್ಲಿ ಸ್ಲೇಟಿನಂಥ ಫೋನು. ಎರಡು ತಾಲ್ಲೂಕಿಗೂ ಸೇರಿಸಿ ಒಂದು ಪ್ಲಾನ್ ಮಾಡುತ್ತಿದ್ದಾರೆ, ಎಲ್ಲೆಲ್ಲಿ ಗಾಡಿಗಳು ನಿಲ್ಲುತ್ತವೋ ಅಲ್ಲಿ ಚಾರ್ಜ್ ಹಾಕುವ ಜಾಗ ಬರುತ್ತದೆ, ಅದಕ್ಕೆ ಸರ್ವೇ ಅಂತ ಹೇಳಿದರಂತೆ. ಆ ಹೊತ್ತಿಗೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲಿ ಗಾಡಿಯವರು ನಿಲ್ಲುತ್ತಾರಾ ಅಂತ ಕೇಳಿದ್ದಾರೆ. ನನ್ನ ಹೆಂಡತಿ, ಯಾರೂ ನಿಲ್ಲಲ್ಲಪ್ಪ ಅಂದಿದ್ದಾಳೆ. ಹಾಗಾದರೆ ಇಷ್ಟು ಗಡಿಗೆ ಇಟ್ಟುಕೊಂಡು ನೀವು ಯಾಕೆ ಕೂತಿದ್ದೀರಿ ಅಂತ ಅವರು. ನಾನು ನೆರಳಿಗೆ ಕೂತಿದೀನಿ ಅಂತ ಇವಳು. ಹುಡುಗರು ನಕ್ಕು, ನೀರು ಕುಡಿದು, ಫೋನಿನಲ್ಲಿ ಏನೋ ಒತ್ತಿಕೊಂಡು ಹೋದರು.

ಈ ವರ್ಷ ಸಂಕ್ರಾಂತಿ ಆದಮೇಲೆ ಆ ಪ್ಲಾನಿನ ನಕ್ಷೆಯನ್ನು ಕಚೇರಿಯ ಗೋಡೆಗೆ ಹಚ್ಚಿದರು. ಮೊಮ್ಮಗಳು ಹೋಗಿ ನೋಡಿ ಬಂದಳು. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಹಸಿರು ಚುಕ್ಕೆ. ಕುದಾಪುರದ ಕಡೆ ದೊಡ್ಡ ದೊಡ್ಡ ಕಾಂಪೌಂಡುಗಳು ಎದ್ದಿವೆಯಲ್ಲ, ಅಲ್ಲಿ ಚುಕ್ಕೆ. ರಾಂಪುರಕ್ಕೆ ಚುಕ್ಕೆ, ಮೊಳಕಾಲ್ಮುರಿಗೆ ಚುಕ್ಕೆ. ನಮ್ಮ ದಾರಿಯ ನಡುವೆ ಮಾತ್ರ ಏನೂ ಇಲ್ಲ. ಅಲ್ಲಿದ್ದವರನ್ನು ಕೇಳಿದ್ದಕ್ಕೆ, ಅಲ್ಲಿ ಯಾರೂ ನಿಲ್ಲುವುದಿಲ್ಲ ಅಂತ ಅಲ್ಲಿಯ ಅಜ್ಜಿಯೇ ಹೇಳಿದ್ದಾರೆ ಅಂದರಂತೆ.

ಅವತ್ತು ಅವಳು ಮನೆಗೆ ಬಂದು ಕೀ ಬಿಸಾಡಿದ ಸದ್ದು ನನಗಿನ್ನೂ ನೆನಪಿದೆ. ನನ್ನ ಸೊಸೆ, ಅವಳಮ್ಮ, ಆಗತಾನೇ ಎಣ್ಣೆ ಮಿಲ್ಲಿನ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಒಂದ್ ಮಾತು ನಿಜ ಹೇಳಿದ್ರೆ ಏನಾಗ್ತಿತ್ತು ಅಜ್ಜಿ ನಿಂಗೆ?" ಅಂದಳು ಮೊಮ್ಮಗಳು.

"ನಂಗೇನೂ ಆಗ್ತಿರ್ಲಿಲ್ಲ. ನಿಮ್ಮಪ್ಪಗೆ ಮುಟ್ತಿರ್ಲಿಲ್ಲ" ಅಂದಳು ನನ್ನ ಹೆಂಡತಿ.

ಮೊಮ್ಮಗಳು ಸತ್ತವರಿಗೆ ನೀರು ಮುಟ್ಟುವ ಮಾತನ್ನು ನಂಬುವವಳಲ್ಲ. ಆದರೂ ಅಪ್ಪನ ಮಾತು ಬಂದ ಕೂಡಲೇ ಬಿಸಾಡಿದ ಕೀ ಎತ್ತಿ ಮೊಳೆಗೆ ಹಾಕಿದಳು. ಅಪ್ಪನ ಮುಖ ಅವಳಿಗೆ ಫೋಟೋದಲ್ಲಿ ಮಾತ್ರ ಗೊತ್ತು. ಸೊಸೆ ಕಾಲು ತೊಳೆದ ಚೊಂಬನ್ನು ಹಿಡಿದುಕೊಂಡೇ ನಿಂತಿದ್ದಳು.

ಶಿವರಾತ್ರಿ ಆಯಿತು, ಅರವಟ್ಟಿಗೆ ಮತ್ತೆ ಶುರುವಾಯಿತು. ಬಿಸಿಲು ಈ ವರ್ಷ ಬೇಗ ಏರಿತು. ಒಂದು ದಿನ ಮೊಳಕಾಲ್ಮುರಿನಲ್ಲಿ ಬೆಳಗಿನಿಂದ ಕರೆಂಟಿಲ್ಲ. ಸೀರೆಗಂಟು ಸಂಜೆಯೊಳಗೆ ಚಳ್ಳಕೆರೆ ತಲುಪಲೇಬೇಕಿತ್ತಂತೆ, ಅಲ್ಲಿಂದ ಮುಂದಕ್ಕೆ ಹೋಗುವ ಬಸ್ಸಿಗೆ ಹಾಕಬೇಕು. ಮೊಮ್ಮಗಳು ಇದ್ದಷ್ಟರಲ್ಲೇ ಹೊರಟಳು. ಮಧ್ಯಾಹ್ನದ ಹೊತ್ತಿಗೆ ಅರವಟ್ಟಿಗೆಗೆ ಬರಬೇಕಾದವಳು ಬರಲಿಲ್ಲ. ಫೋನ್ ಮಾಡೋಣ ಅಂದರೆ ನನ್ನ ಹೆಂಡತಿಯ ಹತ್ತಿರ ಫೋನಿಲ್ಲ, ಇದ್ದರೂ ಒತ್ತಲು ಬರುವುದಿಲ್ಲ. ಅವಳು ಒಂದು ಬಿಂದಿಗೆ ನೀರು ಸೊಂಟಕ್ಕೆ ಇಟ್ಟುಕೊಂಡು ಆ ಬಿಸಿಲಿನಲ್ಲಿ ಮೊಳಕಾಲ್ಮುರಿನ ಕಡೆಗೆ ನಡೆದಳು. ದಾರಿಯ ಎರಡೂ ಕಡೆ ಒಂದೊಂದು ಮರದ ಬುಡವನ್ನೂ ನೋಡಿಕೊಂಡು ನಡೆದಳಂತೆ. ಈ ಮಾತನ್ನು ಅವಳು ನನಗೆ ಹೇಳಿದಾಗ ನಾನು ಎದ್ದು ಹಿತ್ತಲಿಗೆ ಹೋದೆ.

ಮೊಮ್ಮಗಳಿಗೆ ಏನೂ ಆಗಿರಲಿಲ್ಲ. ಗಾಡಿ ನಿಂತಿತ್ತು. ಅದರ ನೆರಳಿನಲ್ಲಿ ಕೂತು, ಬಾಟಲಿಯಲ್ಲಿದ್ದ ನೀರು ಕುಡಿದು, ಟೋಯಿಂಗ್ ಮಾಡಿಕೊಂಡು ಹೋಗಲು ಒಬ್ಬ ಪರಿಚಯದ ಟೆಂಪೋದವನಿಗೆ ಹೇಳಿ ಕಾಯುತ್ತಿದ್ದಳು. ದೂರದಿಂದ ಬಿಂದಿಗೆ ಹೊತ್ತುಕೊಂಡು ಬರುವ ಅಜ್ಜಿಯನ್ನು ಕಂಡು ನಕ್ಕಳಂತೆ. "ಏನಜ್ಜಿ, ಅರವಟ್ಟಿಗೆ ಮೊಬೈಲ್ ಸರ್ವಿಸ್ ಮಾಡ್ಬಿಟ್ಯಾ?" ಅಂದಳಂತೆ. ಅಜ್ಜಿ ಬಿಂದಿಗೆ ಇಳಿಸಿ ಅವಳ ತುಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಅಲ್ಲೇ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟಳು. ಆ ಸಂಜೆ ಮನೆಯಲ್ಲಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, ಆ ಪ್ಲಾನಿನವರ ಮೀಟಿಂಗು ಯಾವತ್ತು ಐತೆ ಅಂತ ಕೇಳಿದಳು.

ಮೀಟಿಂಗು ಮೊಳಕಾಲ್ಮುರಿನಲ್ಲಿ. ನಕ್ಷೆಯ ಬಗ್ಗೆ ಹೇಳುವವರು ಬಂದು ಹೇಳಬಹುದು ಅಂತ ಸಾರಿದ್ದರು. ನಾನೂ ಜೊತೆಗೆ ಹೋದೆ. ಫ್ಯಾನಿನ ಕೆಳಗೆ ಕುರ್ಚಿ, ಗೋಡೆಯ ಮೇಲೆ ದೊಡ್ಡದಾಗಿ ನಕ್ಷೆಯ ಬೆಳಕು. ರಾಂಪುರದ ವ್ಯಾಪಾರಸ್ಥರು ತಮಗೆ ಇನ್ನೊಂದು ಚುಕ್ಕೆ ಬೇಕು ಅಂತ ಜೋರಾಗಿ ಮಾತಾಡಿದರು. ಬಸ್‌ಸ್ಟ್ಯಾಂಡಿನಲ್ಲಿ ಆಗುವುದು ತಮ್ಮ ಅಂಗಡಿ ಮುಂದೆ ಬೇಡ ಅಂತ ಒಬ್ಬರು. ಇಂಜಿನಿಯರು ತಾಳ್ಮೆಯ ಮನುಷ್ಯ, ಎಲ್ಲರಿಗೂ ಲೈನು ಎಲ್ಲಿ ಹಾದುಹೋಗಿದೆ, ಟ್ರಾನ್ಸ್‌ಫಾರ್ಮರ್ ಎಷ್ಟು ತಡೆಯುತ್ತದೆ, ಒಂದು ಜಾಗದಿಂದ ಇನ್ನೊಂದಕ್ಕೆ ದೂರ ಎಷ್ಟಿರಬೇಕು ಅಂತ ಬಿಡಿಸಿ ಹೇಳುತ್ತಿದ್ದರು. ನನ್ನ ಹೆಂಡತಿ ಎದ್ದು ನಿಂತಾಗ ಹಿಂದಿನಿಂದ ಒಬ್ಬರು, "ಏನವ್ವಾ, ನೀನೂ ಕರೆಂಟ್ ಗಾಡಿ ತಗಂಡ್ಯಾ?" ಅಂದರು. ಒಂದಿಷ್ಟು ಜನ ನಕ್ಕರು.

"ನಾನು ಸುಳ್ಳು ಹೇಳಿದ್ದೆ ಸಾರ್. ಅಲ್ಲಿ ಜನ ನಿಲ್ತಾರೆ" ಅಂದಳು.

ಅಷ್ಟು ಹೇಳಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಇಂಜಿನಿಯರು ಕಾದರು. ಇವಳು ತಡವರಿಸಿಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ, ಹೇಳುತ್ತಾ ಹೋದಳು. ಶೇಂಗಾ ಲಾರಿಯವರು ನಿಲ್ಲುತ್ತಾರೆ. ಕುರಿ ಹೊಡೆದುಕೊಂಡು ಹೋಗುವವರು ನಿಲ್ಲುತ್ತಾರೆ. ಸದ್ದಿಲ್ಲದ ಸ್ಕೂಟರಿನ ನರ್ಸಮ್ಮ ಒಬ್ಬಳು ಗಾಡಿ ತಣ್ಣಗಾಗಲಿ ಅಂತ ನಿಲ್ಲುತ್ತಾಳೆ. ಕರೆಂಟ್ ಆಟೋದವರು ಚಾರ್ಜ್ ಮುಗಿದು ಗಾಡಿಯನ್ನು ಕೈಯಲ್ಲಿ ತಳ್ಳಿಕೊಂಡು ನೆರಳಿನವರೆಗೂ ಬರುತ್ತಾರೆ. ಅಲ್ಲಿಗೆ ಅವಳ ಮಾತು ಮುಗಿಯಿತು. ದಿನಕ್ಕೆ ಎಷ್ಟು ಗಾಡಿ, ಅಂದಾಜು ಹೇಳಿ ಸಾಕು ಅಂದರು ಇಂಜಿನಿಯರು. ಎಣಿಸಿಲ್ಲ ಸಾರ್, ಎಣಿಸಬಾರದು ಅಂದಳು. ಯಾಕೆ ಎಣಿಸಬಾರದು ಅಂತ ಕೇಳಿದ್ದಕ್ಕೆ ಕುರ್ಚಿಗೆ ಕೂತಳು. ಹಿಂದೆ ಮತ್ತೆ ನಗು. ಲೆಕ್ಕ ಇಲ್ಲದೆ ಪ್ಲಾನಿಗೆ ಸೇರಿಸಲು ಬರುವುದಿಲ್ಲಮ್ಮ, ಆದರೆ ನಮ್ಮ ಹುಡುಗರನ್ನು ಇನ್ನೊಂದು ಸಲ ಕಳಿಸಿ ಕೂರಿಸುತ್ತೇನೆ ಅಂದರು ಅವರು. ಅದು ಕೂಡ ನಾವು ನಿರೀಕ್ಷಿಸದೆ ಸಿಕ್ಕ ದೊಡ್ಡ ಮಾತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ಅರವಟ್ಟಿಗೆ ದಾಟುವಾಗ ಅವಳು ಆ ಕಡೆ ನೋಡಲಿಲ್ಲ.

"ಅವನ ಬಾಯಿಗೆ ಹೋಗಿದ್ದೆಲ್ಲ ಹೊರಗೆ ಬಂತು ನೋಡ್ರಿ" ಅಂದಳು.

ನಾನು ಏನೇನೋ ಹೇಳಿದೆ. ಹಾಗೆಲ್ಲ ಇರಲ್ಲ, ಅವನ ಮಗಳಿಗೋಸ್ಕರ ತಾನೇ ಹೇಳಿದ್ದು, ಅವನಿದ್ದಿದ್ದರೆ ಅವನೇ ಹೇಳು ಅನ್ನುತ್ತಿದ್ದ ಅಂದೆ. ಅವಳು ತಲೆ ಅಲ್ಲಾಡಿಸಿದಳು, ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ. ಪ್ರತಿ ಬೇಸಿಗೆ ಆ ಬಿಸಿಲಿನಲ್ಲಿ ಕೂತು ಅವಳು ಕೊಟ್ಟ ನೀರೆಲ್ಲ ಮಗನ ಒಣಗಿದ ತುಟಿಗೆ ಸೇರುತ್ತಿದೆ ಅನ್ನುವುದೊಂದೇ ಅವಳನ್ನು ನಡೆಸಿಕೊಂಡು ಬಂದಿತ್ತು. ನಾನು ಅದನ್ನು ನಂಬಿದ್ದೆನೋ ಇಲ್ಲವೋ, ಅವಳು ನಂಬಿದ್ದಳಲ್ಲ, ಅದರಿಂದ ನನಗೂ ಒಂದು ಆಸರೆ ಇತ್ತು. ಅವತ್ತು ಆ ಬಸ್ಸಿನಲ್ಲಿ ಮಗನನ್ನು ಎರಡನೇ ಸಲ ಕಳೆದುಕೊಂಡ ಹಾಗಾಯಿತು ನನಗೆ.

ಹುಡುಗರು ಬಂದರು, ಹೇಳಿದ ಮಾತಿಗೆ ತಪ್ಪದೆ. ರಸ್ತೆಯ ಆ ಕಡೆ ಛತ್ರಿ ಹಾಕಿಕೊಂಡು ಕೂತರು. ಈ ಸಲ ಬೆಳಿಗ್ಗೆ ಬಂದವರು ಸಂಜೆವರೆಗೂ ಇದ್ದರು. ನನಗೆ ಅವಳೊಬ್ಬಳನ್ನೇ ಬಿಡಲು ಮನಸ್ಸಾಗದೆ ಆ ದಿನಗಳಲ್ಲಿ ನಾನೂ ಹೋಗಿ ಕೂತೆ. ಗಾಡಿ ನಿಂತಾಗಲೆಲ್ಲ ಹುಡುಗರ ಬೆರಳು ಫೋನಿನ ಮೇಲೆ ಓಡುತ್ತಿತ್ತು. ನನ್ನ ಹೆಂಡತಿ ಅವರಿಗೆ ಬೆನ್ನು ಹಾಕಿ ಕೂತು ನೀರು ಕೊಟ್ಟಳು. ಬಿಸಿಲೇರಿದಾಗ ಅವರೂ ರಸ್ತೆ ದಾಟಿ ಬಂದರು. ಅವರಲ್ಲಿ ಚಿಕ್ಕವನು ನೀರು ಕುಡಿದು, ನಾವು ಕುಡಿದದ್ದೂ ಬರಕೋಬೇಕಾ ಅಜ್ಜಿ ಅಂತ ತಮಾಷೆ ಮಾಡಿದ. ಅವಳು, "ನಿಮ್ದು ನೀವು ನೋಡ್ಕಳ್ರಪ್ಪ, ನನ್ನ ಕೇಳಬ್ಯಾಡ್ರಿ" ಅಂದಳು. ನಗಲಿಲ್ಲ. ಚೊಂಬನ್ನು ಮತ್ತೆ ತುಂಬಿಸಿ ಅವನ ಕೈಗೆ ಕೊಟ್ಟಳು.

ಇಷ್ಟಾದ ಮೇಲೆ ಇವತ್ತು ಬೆಳಿಗ್ಗೆ ಆ ಫೋನು. ಗಾಡಿ ಕಚೇರಿ ಕಡೆಗೆ ಹೋಗಿದ್ದರಿಂದ ಇವತ್ತೊಂದಿನ ನನ್ನ ಹೆಂಡತಿಯೂ ಮನೆಯಲ್ಲೇ ಇದ್ದಳು. ನಕ್ಷೆಯಲ್ಲಿ ನಮ್ಮ ದಾರಿಯ ನಡುವೆ ಹಸಿರು ಚುಕ್ಕೆ ಬಿದ್ದಿದೆ, ಮೊಮ್ಮಗಳು ಅದರ ಫೋಟೋ ಹಿಡಿದು ತಂದು ತೋರಿಸಿದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ. ಆಟೋಗೆ ಬೇರೆ, ಕಾರು ಬಸ್ಸಿಗೆ ಬೇರೆ ಪಿನ್ನು ಬರುತ್ತದಂತೆ. ಕೂರಲು ನೆರಳೂ ಮಾಡುತ್ತಾರಂತೆ. ಟ್ರಾನ್ಸ್‌ಫಾರ್ಮರ್ ಬರುವ ಜಾಗದ ಹತ್ತಿರ ನೀರು ಚೆಲ್ಲುವಂತಿಲ್ಲ, ಹಾಗಾಗಿ ಗಡಿಗೆಗಳನ್ನು ಚರಂಡಿಯ ಆಚೆಗೆ ಇಟ್ಟುಕೊಳ್ಳಬೇಕು ಅಂತ ಇಂಜಿನಿಯರು ಹೇಳಿಕಳಿಸಿದ್ದಾರೆ. ನಾನು ಆ ಮಾತನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದರೆ ಮೊಮ್ಮಗಳು ಹೇಳಿಯೇಬಿಟ್ಟಳು. ಸರಿ, ಆಚೆಗೇ ಇಡಾನ ಬಿಡು ಅಂದಳು ಅವಳ ಅಜ್ಜಿ. ಮತ್ತೆ ಒಳಗೆ ಹೋಗಿ ಕಡಲೆಬೇಳೆ ಬೇಯಲು ಇಟ್ಟಳು.

ಹೌದು, ಹೋಳಿಗೆ ಮಾಡಿದಳು. ನಾನು ಹೇಳಿಲ್ಲ, ಯಾರೂ ಹೇಳಿಲ್ಲ. ಸೊಸೆ ಮಿಲ್ಲಿನಿಂದ ಬೇಗ ಬಂದು ಹೂರಣ ರುಬ್ಬಿದಳು. ಮೊಮ್ಮಗಳು ಗಾಡಿ ತೊಳೆದು ಚಾರ್ಜಿಗೆ ಹಾಕಿ, ಒಲೆಯ ಮುಂದೆ ಬಂದು ಕೂತು, ಲಟ್ಟಿಸುವುದಕ್ಕಿಂತ ಹೆಚ್ಚಾಗಿ ಹೂರಣ ತಿಂದಳು. ಅವಳಮ್ಮ ಬೈದಳು, ಅವಳು ನಕ್ಕಳು. ನಾನು ಬಾಗಿಲ ಬಳಿ ಕೂತು ಮೂವರನ್ನೂ ನೋಡುತ್ತಿದ್ದೆ. ಸಂತೋಷಕ್ಕೆ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಇನ್ನು ಮೇಲೆ ಆ ರಸ್ತೆಯಲ್ಲಿ ನನ್ನ ಮೊಮ್ಮಗಳು ನಡುನೀರಿನಲ್ಲಿ ಸಿಕ್ಕವಳ ಹಾಗೆ ನಿಲ್ಲಬೇಕಿಲ್ಲ. ಯಾರ ಮಕ್ಕಳೂ ನಿಲ್ಲಬೇಕಿಲ್ಲ. ಇದೇ ಜಾಗದಲ್ಲಿ ಆಗ ಒಂದು ಬಂಕು ಇದ್ದಿದ್ದರೆ ಅಂತ ಒಂದು ಸಲ ಅನ್ನಿಸಿತು. ಅನ್ನಿಸಿದ್ದನ್ನು ನುಂಗಿಕೊಂಡೆ.

ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಹೋಳಿಗೆ ಸಾರು, ಹೋಳಿಗೆ, ಮೇಲೆ ತುಪ್ಪ. ಮೊಮ್ಮಗಳು ತನ್ನ ಗಾಡಿ ಇನ್ನು ರಾಂಪುರ ದಾಟಿ ಹೇಗೆಲ್ಲ ಹೋಗಬಹುದು ಅಂತ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ದಾರಿ ಎಳೆದು ತೋರಿಸುತ್ತಿದ್ದಳು. ಅವಳ ಅಜ್ಜಿ ಕೇಳಿಸಿಕೊಂಡಳು. ಆಮೇಲೆ, ನಾಳೆ ಎಷ್ಟೊತ್ತಿಗೆ ಹೊರಡ್ತೀಯಾ ಅಂತ ಕೇಳಿದಳು.

"ದಿನಾ ಹೋಗೋ ಹೊತ್ತಿಗೇ. ಯಾಕಜ್ಜಿ? ನಾಳೆನೂ ಒಂದಿನ ಮನೇಲಿ ಸುಧಾರಿಸ್ಕೋ."

"ಆಗಲ್ಲ ಕಣೇ. ಎಲ್ಲಾ ಮೊದಲಿಂದ ಕೊಡಬೇಕಲ್ಲ ನಿಮ್ಮಪ್ಪಗೆ" ಅಂದಳು.

ಮೊಮ್ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, ಸ್ವಲ್ಪ ಬೇಗ ಹೊರಡಾನ ಬಿಡು, ಆಚೆ ಕಡೆಗೆ ಹೊಸ ಗೂಟ ಹುಗೀಬೇಕು, ನಾನು ಹುಗಿದು ಕೊಟ್ಟು ಹೋಗ್ತೀನಿ ಅಂದಳು. ಸೊಸೆ ಎದ್ದು ಅತ್ತೆಯ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ಅವಳು ಬೇಡ ಅನ್ನಲಿಲ್ಲ. ಮುರಿದು, ತುಪ್ಪಕ್ಕೆ ಒತ್ತಿ, ಬಾಯಿಗೆ ಇಟ್ಟುಕೊಂಡಳು. ಅವಳು ಉಣ್ಣುವುದನ್ನು ನೋಡಿ ನಾವೂ ಉಂಡೆವು.